ಮೊದಲ ಬೈಕು, ಮೊದಲ ಹೆಲ್ಮೆಟ್ಟು: ಕಟ್ಟೆಯ ಮಾತು, ರಸ್ತೆಯ ವಾಸ್ತವ

ಕೊಪ್ಪಳ ಸೀಮೆಯಲ್ಲಿ ಮೊದಲ ಗಾಡಿ ಕೊಳ್ಳಲು ಹೊರಟವರಿಗೆ ಸಲಹೆ ಕೊಡುವವರ ಬರ ಇಲ್ಲ. ಗ್ಯಾರೇಜಿನ ಮೇಸ್ತ್ರಿ ಒಂದು ಹೇಳಿದರೆ ಫೈನಾನ್ಸಿನವನು ಇನ್ನೊಂದು ಹೇಳುತ್ತಾನೆ. ಚಹಾದಂಗಡಿ ಕಟ್ಟೆಯ ಮೇಲೆ ಮೈಲೇಜು, ಪಿಕಪ್ಪು, ಮುಂದೆ ಮಾರಿದರೆ ಎಷ್ಟು ಬಂದೀತು ಎಂಬ ಲೆಕ್ಕ ನಡೆಯುತ್ತದೆ. ಗಾಡಿ ದಿನಾ ಓಡುವ ರಸ್ತೆ ಯಾವುದು, ಓಡಿಸುವವರಿಗೆ ಅದನ್ನು ನಿಲ್ಲಿಸಲು ಬರುತ್ತದೆಯೇ, ತಲೆಗೆ ಏನು ಹಾಕಿಕೊಳ್ಳುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಜಿಲ್ಲೆ ಇದು. ನಾಲ್ಕು ಕಡೆಯ ರಸ್ತೆಗಳ ಸ್ವಭಾವವೂ ಬೇರೆ ಬೇರೆ. ಕುಷ್ಟಗಿಗೆ ವಿಜಯಪುರ–ಹೊಸಪೇಟೆ ನಡುವಿನ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 50 ಇದೆ. ಅಲ್ಲಿ ಲಾರಿಗಳ ವೇಗಕ್ಕೂ ಹೊಲಕ್ಕೆ ಹೊರಟ ಬೈಕಿನ ವೇಗಕ್ಕೂ ತಾಳಮೇಳ ಇಲ್ಲ. ಕೊಪ್ಪಳದಿಂದ ಗಿಣಿಗೇರಿ ಕಡೆ ಹೆದ್ದಾರಿ 67ರಲ್ಲಿ ಕಾರ್ಖಾನೆ ಲಾರಿಗಳು, ಅವು ಎಬ್ಬಿಸುವ ಧೂಳು. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ. ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರುಗಳು ಕೆಸರನ್ನು ಡಾಂಬರಿಗೆ ತಂದು ಬಳಿಯುತ್ತವೆ. ಯಲಬುರ್ಗಾದ ಎರೆ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಜೋಳ, ತೊಗರಿಯ ರಾಶಿ ರಸ್ತೆಯ ಮೇಲೆಯೇ ನಡೆಯುತ್ತದೆ. ಹೊಸ ಸವಾರರ ಗಾಡಿ, ಹೆಲ್ಮೆಟ್ಟು ಎರಡೂ ಈ ರಸ್ತೆಗಳಿಗೆ ಹೊಂದಬೇಕು. ಇಲ್ಲಿ ಬಾಯಿಂದ ಬಾಯಿಗೆ ಬಂದ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: "ಕೊಂಡ್ರ ದೊಡ್ಡ ಗಾಡೀನ ಕೊಳ್ಳಬೇಕು. ವಜ್ಜಿ ಇದ್ದಷ್ಟೂ ರೋಡ್ ಹಿಡಿತೈತಿ."

ವಾಸ್ತವ: ಓಡುವಾಗ ಭಾರದ ಗಾಡಿ ಸ್ಥಿರವಾಗಿರುತ್ತದೆ ಎಂಬುದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಹೊಸಬರು ಬೀಳುವುದು ಹೆಚ್ಚಾಗಿ ನಿಧಾನ ಇದ್ದಾಗ: ಸಂತೆಯ ಗದ್ದಲದಲ್ಲಿ, ತಿರುವಿನಲ್ಲಿ, ಕುರಿ ಹಿಂಡು ಅಡ್ಡ ಬಂದಾಗ, ಹೊಲದ ದಾರಿಯ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ. ಆಗ ಗಾಡಿಯ ಅಷ್ಟೂ ತೂಕ ಕಾಲಿನ ಮೇಲೆ ಬರುತ್ತದೆ. ಸ್ಪ್ಲೆಂಡರ್ ತರಹದ 100 ಸಿಸಿ ಗಾಡಿ ಸುಮಾರು 112 ಕಿಲೋ ತೂಗುತ್ತದೆ, ಪಲ್ಸರ್ 150 ಸುಮಾರು 150 ಕಿಲೋ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350 ಸುಮಾರು 195 ಕಿಲೋ. ಒಂದು ಕಡೆ ವಾಲಿದ 195 ಕಿಲೋವನ್ನು ಹಿಡಿದು ನಿಲ್ಲಿಸುವುದು ಕಲಿಕೆಯ ಮೊದಲ ತಿಂಗಳಲ್ಲಿ ಯಾರಿಗೂ ಸುಲಭವಲ್ಲ.

ಆದ್ದರಿಂದ ಶೋರೂಮಿನಲ್ಲಿ ಸಿಸಿ ಕೇಳುವ ಮುನ್ನ ಸೀಟಿನ ಮೇಲೆ ಕುಳಿತು ನೋಡಿ. ಎರಡೂ ಪಾದಗಳ ಮುಂಭಾಗವಾದರೂ ಗಟ್ಟಿಯಾಗಿ ನೆಲ ಮುಟ್ಟಬೇಕು. ಸೆಂಟರ್ ಸ್ಟ್ಯಾಂಡಿನಿಂದ ನೀವೇ ಇಳಿಸಿ, ನೀವೇ ಮತ್ತೆ ಏರಿಸಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಇರುವಾಗಲೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಇಷ್ಟು ಮಾಡುವಾಗ ತೋಳು ನಡುಗಿದರೆ ಆ ಗಾಡಿ ನಿಮ್ಮ ಎರಡನೆಯ ಗಾಡಿ ಆಗಬಹುದು, ಮೊದಲನೆಯದು ಬೇಡ. ಮನೆ, ಹೊಲ, ಕಾಲೇಜು, ಸಂತೆಯ ಓಡಾಟಕ್ಕೆ 100ರಿಂದ 125 ಸಿಸಿ ಧಾರಾಳ. ದಿನವೂ ಹೆದ್ದಾರಿಯಲ್ಲಿ ದೂರ ಹೋಗಬೇಕಾದವರು 125ರಿಂದ 160 ಸಿಸಿ ನೋಡಬಹುದು. ಅದಕ್ಕೂ ಮೇಲಿನದು ಅಗತ್ಯಕ್ಕಿಂತ ಆಸೆಯ ಲೆಕ್ಕಕ್ಕೆ ಸೇರುತ್ತದೆ. ಆಸೆ ತಪ್ಪಲ್ಲ, ಒಂದೆರಡು ವರ್ಷ ತಡೆಯಲಿ.

ತಪ್ಪು ಕಲ್ಪನೆ 2: "ಕಲಿಯೂದಕ್ಕ ಯಾವ್ದಾರ ಹಳೀ ಗಾಡಿ ಸಾಕು. ಪೇಪರ್ ಆಮ್ಯಾಲೆ ಮಾಡಿಸಿಕೊಂಡ್ರಾತು."

ವಾಸ್ತವ: ಕಲಿಯುವವರಿಗೆ ಸೆಕೆಂಡ್ ಹ್ಯಾಂಡ್ ಗಾಡಿ ಒಳ್ಳೆಯ ಆಯ್ಕೆಯೇ. ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ಆದರೆ "ಯಾವ್ದಾರ" ಎನ್ನುವುದೂ "ಆಮ್ಯಾಲೆ" ಎನ್ನುವುದೂ ತೊಂದರೆಗೆ ದಾರಿ. ಬ್ರೇಕ್ ಸವೆದ ಗಾಡಿಯಲ್ಲಿ ಬ್ರೇಕ್ ಹಿಡಿಯುವುದನ್ನು ಕಲಿಯಲು ಆಗುವುದಿಲ್ಲ. ಕೊಳ್ಳುವ ಮುನ್ನ ಹಗಲು ಬೆಳಕಿನಲ್ಲಿ ನೋಡಿ: ಟೈರಿನ ಗೀರುಗಳು ಉಳಿದಿವೆಯೇ, ಪಕ್ಕದ ರಬ್ಬರು ಬಿರುಕು ಬಿಟ್ಟಿದೆಯೇ, ಚೈನು ಜೋತು ಬಿದ್ದಿದೆಯೇ, ಮುಂದಿನ ಫೋರ್ಕಿನಿಂದ ಎಣ್ಣೆ ಜಿನುಗುತ್ತಿದೆಯೇ, ಮುಂದಿನ ಗಾಲಿ ನೆಲದಿಂದ ಎತ್ತಿ ತಿರುಗಿಸಿದಾಗ ಹ್ಯಾಂಡಲ್ ಸಲೀಸಾಗಿ ಎರಡೂ ಕಡೆ ಹೊರಳುತ್ತದೆಯೇ. ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಆರ್‌ಸಿಯೊಂದಿಗೆ ತಾಳೆ ನೋಡಿ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ, ಸಾಲದ ನಮೂದು ಇದೆಯೇ ತಿಳಿಯುತ್ತದೆ. ಸಾಲದ ಗಾಡಿಯಾದರೆ ಫೈನಾನ್ಸ್ ಕಂಪನಿಯ ಎನ್‌ಓಸಿ ಮತ್ತು ಫಾರ್ಮ್ 35 ಇಲ್ಲದೆ ದುಡ್ಡು ಎಣಿಸಬೇಡಿ.

ಪೇಪರ್ ಹೆಸರಿಗೆ ಮಾಡಿಸಿಕೊಳ್ಳುವುದನ್ನು ಮುಂದೂಡಿದರೆ ಮಾರಿದವರಿಗೂ ಅಪಾಯ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇಲ್ಲಿನ ಕೆಎ-37 ನೋಂದಣಿಯ ಗಾಡಿ ಆರ್‌ಸಿಯ ಹೆಸರು ಬದಲಾಗದೆ ನಾಲ್ಕು ಕೈ ಬದಲಾಗಿದ್ದರೂ ನೋಟಿಸು ಮೊದಲ ಮಾಲೀಕರ ಮನೆಗೇ ಹೋಗುತ್ತದೆ.

ತಪ್ಪು ಕಲ್ಪನೆ 3: "ಎಕ್ಸ್‌ಎಲ್‌ಗೆ, ಸ್ಕೂಟಿಗೆ ಲೈಸೆನ್ಸ್ ಯಾಕ? ನಮ್ಮ ಹುಡುಗ ಎಂಟನೇತ್ತೆಯಿಂದ ಹೊಡಿತಾನ."

ವಾಸ್ತವ: ಗೇರ್ ಇಲ್ಲದ ಮಾತ್ರಕ್ಕೆ ಲೈಸೆನ್ಸ್ ಬೇಡ ಎಂದಲ್ಲ. 16 ತುಂಬಿದವರು ಓಡಿಸಬಹುದಾದದ್ದು 50 ಸಿಸಿವರೆಗಿನ ಗೇರ್‌ಲೆಸ್ ಗಾಡಿ, ಅದೂ ಲೈಸೆನ್ಸ್ ಪಡೆದು. ಹೊಲಮನೆಗಳಲ್ಲಿ ಮೇವು, ಹಾಲಿನ ಕ್ಯಾನು ಹೊರುವ ಟಿವಿಎಸ್ ಎಕ್ಸ್‌ಎಲ್ 100 ಇದೆಯಲ್ಲ, ಅದರ ಎಂಜಿನ್ 99.7 ಸಿಸಿ. ಪೇಟೆಯ ಸ್ಕೂಟಿಗಳೂ 50 ಸಿಸಿ ಮೀರಿದವೇ. ಇವೆಲ್ಲಕ್ಕೂ 18 ತುಂಬಲೇಬೇಕು. ಬ್ಯಾಟರಿ ಗಾಡಿಗಳಲ್ಲೂ ಮೋಟಾರಿನ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ. ರಸ್ತೆಯಲ್ಲಿ ಓಡುವ ಹೆಸರಾಂತ ಎಲೆಕ್ಟ್ರಿಕ್ ಸ್ಕೂಟರುಗಳು ಈ ಮಿತಿಯೊಳಗೆ ಬರುವುದಿಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಇನ್ನೂ ಕಟ್ಟುನಿಟ್ಟು. ವಯಸ್ಸಾಗದ ಹುಡುಗ ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಪಿಯುಸಿ ಮುಗಿಸಿ ಡ್ರೈವರ್ ಕೆಲಸಕ್ಕೋ, ಡೆಲಿವರಿ ಕೆಲಸಕ್ಕೋ ಹೋಗಬೇಕಾದ ಹುಡುಗನಿಗೆ ಜೈಲಿಗಿಂತ ಈ ಕೊನೆಯದೇ ದೊಡ್ಡ ಪೆಟ್ಟು.

ತಪ್ಪು ಕಲ್ಪನೆ 4: "ಎಲ್‌ಎಲ್‌ಆರ್ ಬಂತಲ್ಲ, ಇನ್ನ ಯಾರನ್ನ ಬೇಕಾದ್ರೂ ಕುಂದರಿಸಿಕೊಂಡು ಹೋಗಬಹುದು."

ವಾಸ್ತವ: ಎಲ್‌ಎಲ್‌ಆರ್ ಕಲಿಯಲು ಕೊಟ್ಟ ಅನುಮತಿ, ಅಷ್ಟೇ. ಗಾಡಿಯ ಹಿಂದೆ, ಮುಂದೆ ಕೆಂಪು ಅಕ್ಷರದ 'ಎಲ್' ಇರಬೇಕು. ಹಿಂದೆ ಕೂರಬಹುದಾದವರು ಲೈಸೆನ್ಸ್ ಇರುವ, ಕಲಿಸಿಕೊಡುವವರು ಮಾತ್ರ. ಎಲ್‌ಎಲ್‌ಆರ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಆ 30 ದಿನ ಕಾಯುವುದಕ್ಕಲ್ಲ, ಕಲಿಯುವುದಕ್ಕೆ. ಇನ್ನೊಂದು ಮಾತು: ಗೇರಿಲ್ಲದ ಗಾಡಿಗೆ ಪಡೆದ ಲೈಸೆನ್ಸಿನಲ್ಲಿ ಗೇರಿನ ಬೈಕ್ ಓಡಿಸುವಂತಿಲ್ಲ. ಅರ್ಜಿ ಹಾಕುವಾಗಲೇ ಯಾವ ವರ್ಗ ಎಂದು ನೋಡಿಕೊಳ್ಳಿ. ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ, ಪಾಲಿಸಿಯಲ್ಲಿರುವ 15 ಲಕ್ಷ ರೂಪಾಯಿಯ ಮಾಲೀಕ-ಚಾಲಕರ ಅಪಘಾತ ವಿಮೆಯೂ ಕೈಗೆ ಸಿಗುವುದಿಲ್ಲ.

ತಪ್ಪು ಕಲ್ಪನೆ 5: "ಮುಂದಿನ ಬ್ರೇಕ್ ಮುಟ್ಟಬ್ಯಾಡ, ಗಾಡಿ ಪಲ್ಟಿ ಹೊಡಿತೈತಿ."

ವಾಸ್ತವ: ಈ ಸೀಮೆಯಲ್ಲಿ ಕಲಿಸುವವರೆಲ್ಲ ಮೊದಲು ಹೇಳುವ ಮಾತು ಇದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತೂ ಇದೇ. ಬ್ರೇಕ್ ಹಾಕಿದ ಕೂಡಲೇ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಗಾಲಿಯ ಬ್ರೇಕನ್ನು ಜೋರಾಗಿ ತುಳಿದರೆ ಅದು ಲಾಕ್ ಆಗಿ ಪಕ್ಕಕ್ಕೆ ಜಾರುತ್ತದೆ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ಮುಂದಿನ ಬ್ರೇಕಿನಲ್ಲೇ. ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಸರಿಯಾಗಿ ಬಳಸಿದರೆ, ಹಿಂದಿನದೊಂದನ್ನೇ ತುಳಿದಾಗ ಬೇಕಾಗುವ ದೂರದ ಹೆಚ್ಚುಕಡಿಮೆ ಅರ್ಧದಲ್ಲಿ ಗಾಡಿ ನಿಲ್ಲುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16–17 ಮೀಟರ್ ಮುಂದೆ ಹೋಗಿರುತ್ತದೆ. ಕತ್ತಲಲ್ಲಿ ಹಿಂದಿನ ಲೈಟು ಇಲ್ಲದ, ಭತ್ತದ ಚೀಲ ಹೊತ್ತ ಟ್ರೇಲರ್ ಎದುರಾದಾಗ ಆ ಅರ್ಧ ದೂರವೇ ಸಾವು ಬದುಕಿನ ಅಂತರ.

ಅಮೆರಿಕದ ಲಾಸ್ ಏಂಜಲೀಸ್ ಸುತ್ತ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ಹರ್ಟ್ ವರದಿ 1981ರಲ್ಲಿ ಹೊರಬಂತು. ಅಲ್ಲೂ ಕಂಡದ್ದು ಇದೇ: ಗಾಬರಿಯಾದ ಸವಾರರು ಹಿಂದಿನ ಬ್ರೇಕನ್ನು ಮಿತಿಮೀರಿ ತುಳಿದು ಜಾರಿದ್ದರು, ಮುಂದಿನದನ್ನು ಸಾಕಷ್ಟು ಹಿಡಿದಿರಲಿಲ್ಲ. ಅಪಘಾತಕ್ಕೆ ಸಿಕ್ಕವರಲ್ಲಿ 92 ಪ್ರತಿಶತ ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು.

ಪಲ್ಟಿಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮರಳು, ಎರೆ ಕೆಸರು, ರಾಶಿಯ ಹೊಟ್ಟಿನ ಮೇಲೆ, ಗಾಡಿ ಓರೆಯಾಗಿರುವ ತಿರುವಿನಲ್ಲಿ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ ಖಂಡಿತ ಬೀಳುತ್ತೀರಿ. ಅದಕ್ಕೆ ಪರಿಹಾರ ಮುಂದಿನ ಬ್ರೇಕನ್ನು ಬಿಡುವುದಲ್ಲ. ಅಂಥ ಜಾಗ ಬರುವ ಮೊದಲೇ ನೆಟ್ಟಗಿರುವಾಗ ವೇಗ ಇಳಿಸುವುದು. ಕಲಿಯುವ ರೀತಿ ಹೀಗೆ: ಊರ ಹೊರಗಿನ ಖಾಲಿ ಲೇಔಟಿನ ಡಾಂಬರು ರಸ್ತೆಗೆ ಬೆಳಿಗ್ಗೆ ಹೋಗಿ. ಒಂದು ಗೆರೆ ಎಳೆಯಿರಿ. 20 ಕಿ.ಮೀ. ವೇಗದಲ್ಲಿ ಬಂದು ಗೆರೆ ದಾಟಿದ ತಕ್ಷಣ ಎರಡು ಬೆರಳಿನಿಂದ ಮುಂದಿನ ಬ್ರೇಕನ್ನು ಹಿಂಡುತ್ತಾ ಬನ್ನಿ, ಮೊದಲು ಮೆಲ್ಲಗೆ, ನಂತರ ಬಿಗಿಯಾಗಿ. ಜೊತೆಗೆ ಹಿಂದಿನದನ್ನು ಹಗುರಾಗಿ ಒತ್ತಿ. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ದೂರದ ರಸ್ತೆಯ ಮೇಲಿರಲಿ. ನಿಂತ ಜಾಗಕ್ಕೆ ಕಲ್ಲಿಟ್ಟು ಮತ್ತೆ ಬನ್ನಿ. ಕಲ್ಲು ಗೆರೆಯ ಹತ್ತಿರ ಹತ್ತಿರ ಸರಿದಂತೆ ವೇಗವನ್ನು 30, 40 ಮಾಡಿ.

ತಪ್ಪು ಕಲ್ಪನೆ 6: "ಎಬಿಎಸ್ ಐತಿ, ಇನ್ನ ಬೀಳೂ ಮಾತ ಇಲ್ಲ."

ವಾಸ್ತವ: 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯ, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್, ಅಂದರೆ ಒಂದು ಬ್ರೇಕ್ ಹಾಕಿದರೂ ಎರಡೂ ಗಾಲಿಗೆ ಸ್ವಲ್ಪ ಸ್ವಲ್ಪ ಹಿಡಿತ ಸಿಗುವ ವ್ಯವಸ್ಥೆ. ಗಾಲಿ ಲಾಕ್ ಆಗದಂತೆ ಎಬಿಎಸ್ ತಡೆಯುತ್ತದೆ, ಅದು ದೊಡ್ಡ ಉಪಕಾರ. ಅನೇಕ ಗಾಡಿಗಳಲ್ಲಿ ಅದು ಮುಂದಿನ ಗಾಲಿಗೆ ಮಾತ್ರ ಇರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಕೆಸರಿನಲ್ಲಿ ಇಲ್ಲದ ಹಿಡಿತವನ್ನು ಎಬಿಎಸ್ ತಂದುಕೊಡಲಾರದು. ದುಡ್ಡು ಹೊಂದುವುದಾದರೆ ಎಬಿಎಸ್ ಇರುವ ಗಾಡಿಯನ್ನೇ ಆರಿಸಿ. ವೇಗವನ್ನು ಮಾತ್ರ ಎಬಿಎಸ್ ಇಲ್ಲ ಎಂದುಕೊಂಡೇ ಇಟ್ಟುಕೊಳ್ಳಿ.

ತಪ್ಪು ಕಲ್ಪನೆ 7: "ಸ್ಯಾರಿ ಗಾರ್ಡ್, ಕನ್ನಡಿ ತಗದ್ರ ಗಾಡಿ ಚೆಂದ ಕಾಣತೈತಿ."

ವಾಸ್ತವ: ಹಿಂದೆ ಕೂತವರು ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಗಾಲಿಗೆ ಸಿಗದಂತೆ ತಡೆ, ಇವು ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇವೆ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೋ, ಗವಿಮಠದ ಜಾತ್ರೆಗೋ ಒಂದೇ ಬದಿಗೆ ಕಾಲು ಹಾಕಿ ಕೂತು ಹೋಗುವ ತಾಯಂದಿರ ಸೆರಗು, ಹುಡುಗಿಯರ ವೇಲು ಚೈನಿಗೋ ಕಡ್ಡಿಗೋ ಸುತ್ತಿಕೊಂಡರೆ ಗಾಡಿ ನಿಲ್ಲುವಷ್ಟರಲ್ಲಿ ಕುತ್ತಿಗೆಗೆ ಬಂದಿರುತ್ತದೆ. ಕನ್ನಡಿಯೂ ಹಾಗೆಯೇ. ಹೆದ್ದಾರಿಯಲ್ಲಿ ಬಲಕ್ಕೆ ಹೊರಳುವ ಮುನ್ನ ಹಿಂದಿನ ಲಾರಿ ಎಷ್ಟು ದೂರ ಇದೆ ಎಂದು ತೋರಿಸುವುದು ಅದೊಂದೇ. ಗಾಡಿ ಕೊಂಡ ದಿನ ಇವನ್ನು ಬಿಚ್ಚಿಸಬೇಡಿ.

ತಪ್ಪು ಕಲ್ಪನೆ 8: "ಇಲ್ಲೇ ಹೊಲಕ್ಕ ಹೋಗಿ ಬರ್ತೀನಿ, ಹೆಲ್ಮೆಟ್ ಯಾಕ? ಅದು ಹೈವೇಕ್ಕ."

ವಾಸ್ತವ: ಗಾಡಿಯ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಗಾಡಿ ನಿಂತೇ ಇದ್ದು ಪಕ್ಕಕ್ಕೆ ಬಿದ್ದರೂ, ಅಷ್ಟು ಎತ್ತರದಿಂದ ತಲೆ ನೆಲಕ್ಕೆ ಬಡಿಯುವ ವೇಗ ಗಂಟೆಗೆ 19–20 ಕಿ.ಮೀ. ಕಾಂಕ್ರೀಟಿಗೆ ಅಷ್ಟು ವೇಗದಲ್ಲಿ ಬಡಿದ ತಲೆಬುರುಡೆ ಒಡೆಯಬಲ್ಲದು. ಓಣಿಯಲ್ಲಿ ನಾಯಿ ಅಡ್ಡ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ. ಹರ್ಟ್ ವರದಿಯ ಅಪಘಾತಗಳಲ್ಲಿ ಢಿಕ್ಕಿಗೆ ಮುಂಚಿನ ಮಧ್ಯಮ ವೇಗ ಗಂಟೆಗೆ ಸುಮಾರು 48 ಕಿ.ಮೀ. ಅಷ್ಟೇ, ಬಹಳಷ್ಟು ಘಟನೆಗಳು ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೇ, ಹತ್ತಿರದ ಓಡಾಟದಲ್ಲೇ ಆಗಿದ್ದವು.

ನಮ್ಮ ದೇಶದ ಅಂಕಿ ಇನ್ನೂ ಕಠೋರ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರದವರು 74,897. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರಲ್ಲಿ 14,337 ಮಂದಿ ಹಿಂದೆ ಕೂತವರು. ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಸುಮಾರು 42 ಪ್ರತಿಶತ, ತಲೆಪೆಟ್ಟಿನ ಸಾಧ್ಯತೆಯನ್ನು ಸುಮಾರು 69 ಪ್ರತಿಶತ ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆ 2008ರಲ್ಲಿ ಹೇಳಿತು. ದಂಡದ ಮಾತಿಗೆ ಬಂದರೆ, ಕೇಂದ್ರದ ಕಾಯ್ದೆಯಲ್ಲಿ 1,000 ರೂಪಾಯಿ ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ ಇದೆ. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಸ್ಥಳದಲ್ಲೇ ಕಟ್ಟುವ ದಂಡವನ್ನು 500ಕ್ಕೆ ಇಳಿಸಿತು. ಪೊಲೀಸರು ನಿಲ್ಲುವ ಸರ್ಕಲ್ಲಿಗೆ ನೂರು ಮೀಟರ್ ಇದ್ದಾಗ ಮಾತ್ರ ಹೆಲ್ಮೆಟ್ ತಲೆಗೇರಿಸುವವರು ಉಳಿಸುವುದು ಈ 500 ರೂಪಾಯಿಯನ್ನು ಮಾತ್ರ.

ತಪ್ಪು ಕಲ್ಪನೆ 9: "ಐಎಸ್‌ಐ ಸ್ಟಿಕರ್ ಐತಲ್ಲ, 250 ರೂಪಾಯಿದಾದ್ರೇನು?"

ವಾಸ್ತವ: ಸ್ಟಿಕರ್ ಅಚ್ಚು ಹಾಕಲು ಯಾರಿಗೂ ಬರುತ್ತದೆ. 2021ರ ಜೂನ್ 1ರಿಂದ ದೇಶದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಮಾಣಪತ್ರ ಇಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ. ಹೆದ್ದಾರಿ ಬದಿಯ ಹಗ್ಗಕ್ಕೆ ತೂಗುಹಾಕಿದ ಹೆಲ್ಮೆಟ್ಟುಗಳಲ್ಲಿ ಅಸಲಿ ಯಾವುದು ಎಂದು ತಿಳಿಯಲು ಹೀಗೆ ಮಾಡಿ. ಐಎಸ್‌ಐ ಮುದ್ರೆಯ ಮೇಲೆ ಐಎಸ್ 4151 ಎಂಬ ಸಂಖ್ಯೆ ಇರಬೇಕು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು ಆ ನಂಬರ್ ಹಾಕಿ. ತಯಾರಕರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಅಲ್ಲಿ ಬಂದ ಹೆಸರು ಹೆಲ್ಮೆಟ್ಟಿನ ಮೇಲಿನ ಹೆಸರಿಗೆ ಹೊಂದದಿದ್ದರೆ ಕೆಳಗಿಟ್ಟು ಬನ್ನಿ. ಡಾಟ್ ಎಂದು ಮಾತ್ರ ಬರೆದದ್ದು ಅಮೆರಿಕದ ಗುರುತು. ಇಲ್ಲಿನ ಕಾನೂನಿಗೆ ಅದೊಂದೇ ಸಾಲದು.

ಅಸಲಿ ಹೆಲ್ಮೆಟ್ಟಿಗೆ ಬೆಂಗಳೂರಿಗೇ ಹೋಗಬೇಕಿಲ್ಲ. ಸ್ಟಡ್ಸ್, ಸ್ಟೀಲ್‌ಬರ್ಡ್‌ಗಳ ಜೊತೆ ನಮ್ಮ ಬೆಳಗಾವಿಯ ವೇಗಾ ಕಂಪನಿಯ ಹೆಲ್ಮೆಟ್ಟುಗಳೂ ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಸಿಗುತ್ತವೆ. ಇನ್ನು ಗಾಡಿ ಕೊಳ್ಳುವಾಗ ಕಂಪನಿಯೇ ಬಿಐಎಸ್ ಮಾನದಂಡದ ಒಂದು ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಡೀಲರ್ ಬಳಿ ಕೇಳಿ ಪಡೆಯಿರಿ. ಅದು ನಿಮ್ಮ ಅಳತೆಗೆ ಸರಿ ಹೋಗದಿದ್ದರೆ ಮನೆಯಲ್ಲಿ ಸರಿ ಹೋಗುವವರಿಗೆ ಕೊಡಿ, ನಿಮ್ಮದನ್ನು ಬೇರೆ ಕೊಳ್ಳಿ.

ತಪ್ಪು ಕಲ್ಪನೆ 10: "ಕಬ್ಬಿಣದಂಗ ಗಟ್ಟಿ ಇರಬೇಕು. ಒಳಗ ಬರೀ ಥರ್ಮೋಕೋಲ್ ಐತಿ, ಅದೇನು ಕಾಯ್ತೈತಿ?"

ವಾಸ್ತವ: ಕಾಯುವುದೇ ಆ ಥರ್ಮೋಕೋಲು. ಹೊರಗಿನ ಚಿಪ್ಪು ಚೂಪಾದದ್ದು ಒಳಗೆ ನುಗ್ಗದಂತೆ ತಡೆದು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ಒತ್ತಾದ ಪದರ ತಾನು ಜಜ್ಜಿಹೋಗಿ, ತಲೆ ನಿಲ್ಲಲು ಬೇಕಾದ ಒಂದಿಷ್ಟು ಮಿಲಿಮೀಟರ್ ಜಾಗ ಮತ್ತು ಕ್ಷಣ ಒದಗಿಸುತ್ತದೆ. ಹೊಲದ ಗೊಬ್ಬರದ ಚೀಲದ ಮೇಲೆ ಬಿದ್ದ ಮೊಟ್ಟೆಗೂ ಬಂಡೆಯ ಮೇಲೆ ಬಿದ್ದ ಮೊಟ್ಟೆಗೂ ಇರುವ ವ್ಯತ್ಯಾಸ ಇದೇ. ಒಳಪದರವಿಲ್ಲದ, ಬರೀ ಸ್ಪಂಜು ಅಂಟಿಸಿದ ಪ್ಲಾಸ್ಟಿಕ್ ಟೋಪಿ ಎಷ್ಟೇ ಗಟ್ಟಿ ಇದ್ದರೂ ಬಂಡೆಯ ಲೆಕ್ಕಕ್ಕೇ ಸೇರುತ್ತದೆ. ಕೊಳ್ಳುವಾಗ ಬಟ್ಟೆಯ ಒಳಪದರ ಸರಿಸಿ, ಬೆರಳಿನಿಂದ ಒತ್ತಿ ನೋಡಿ: ಒಂದು ಇಂಚಿನ ಆಸುಪಾಸು ದಪ್ಪದ, ಕೂಡಲೇ ತಗ್ಗದ ಪದರ ಸಿಗಬೇಕು.

ಅರ್ಧ ಹೆಲ್ಮೆಟ್ಟೂ ಬೇಡ. ಬಿದ್ದವರ ದವಡೆ, ಮುಖಕ್ಕೆ ಬೀಳುವ ಪೆಟ್ಟು ಕಡಿಮೆಯೇನಲ್ಲ. ಗಲ್ಲ ಮುಚ್ಚುವ ಪೂರ್ತಿ ಹೆಲ್ಮೆಟ್ ಕೊಳ್ಳಿ, ವೈಸರ್ ಬಣ್ಣವಿಲ್ಲದ್ದೇ ಇರಲಿ. ಗಂಗಾವತಿ ಕಡೆ ಭತ್ತ ತೆನೆಗಟ್ಟುವ ಕಾಲದಲ್ಲಿ ಸಂಜೆ ಗಾಡಿಯ ಲೈಟಿಗೆ ಮುತ್ತುವ ಹುಳುಗಳು ಕಣ್ಣಿಗೆ ಬಡಿದರೆ ಎರಡು ಸೆಕೆಂಡು ಏನೂ ಕಾಣುವುದಿಲ್ಲ. ಕರಿ ವೈಸರ್ ಹಾಕಿದವರು ರಾತ್ರಿ ಅದನ್ನು ಎತ್ತಿಕೊಂಡೇ ಓಡಿಸುತ್ತಾರೆ. ಹುಳ ಬಡಿಯುವುದು ಆಗಲೇ.

ತಪ್ಪು ಕಲ್ಪನೆ 11: "ಸ್ವಲ್ಪ ಸಡಿಲ ಇದ್ರ ಆರಾಮ."

ವಾಸ್ತವ: ಸಡಿಲ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹಾರಿಹೋಗುತ್ತದೆ. ಟೇಲರ್ ಟೇಪಿನಿಂದ ಹುಬ್ಬಿನ ಒಂದು ಬೆರಳು ಮೇಲೆ, ಕಿವಿಯ ಮೇಲಿಂದ, ಹಿಂದಲೆಯ ಉಬ್ಬಿದ ಭಾಗದ ಸುತ್ತ ಅಳೆಯಿರಿ. ಅಳತೆ 58 ಸೆಂ.ಮೀ. ಬಂದರೆ 580 ಎಂದು ಅಚ್ಚಾದದ್ದು ನೋಡಿ. ಎಂ, ಎಲ್ ಎಂಬ ಅಕ್ಷರ ನಂಬಬೇಡಿ. ಒಂದು ಕಂಪನಿಯ ಎಲ್ ಇನ್ನೊಂದರ ಎಂ ಆಗಿರುತ್ತದೆ.

ಈಗ ಪಟ್ಟಿಗಳನ್ನು ಎರಡೂ ಕೈಯಲ್ಲಿ ಅಗಲಿಸಿ ತಲೆಗೆ ಇಳಿಸಿ. ಕಿವಿ ಹಾದುಹೋಗುವಾಗ ಸ್ವಲ್ಪ ಬಿಗಿ ಎನಿಸಬೇಕು. ಕೆನ್ನೆ ಒಳಕ್ಕೆ ಒತ್ತಿ, ಮಾತಾಡುವಾಗ ಹಲ್ಲಿಗೆ ತಾಗುವಂತಿರಬೇಕು. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಹೊರಳಿಸಿದರೆ ಹಣೆಯ ಚರ್ಮವೂ ಜೊತೆಗೆ ಹೊರಳಬೇಕು. ಹೆಲ್ಮೆಟ್ ಮಾತ್ರ ಹೊರಳಿದರೆ ಒಂದು ಸೈಜ್ ಇಳಿಸಿ. ಪಟ್ಟಿ ಹಾಕಿ: ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟೇ ಸಂದು ಇರಲಿ. ಹಿಂದಿನಿಂದ ಗೆಳೆಯನಿಗೆ ಹೆಲ್ಮೆಟ್ಟನ್ನು ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ಹೇಳಿ. ತಲೆಯಿಂದ ಕಳಚಿದರೆ ಅದು ನಿಮ್ಮದಲ್ಲ. ಕೊನೆಗೆ ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ಕುಳಿತಿರಿ. ಕೆನ್ನೆಯ ಬಿಗಿ ದಿನ ಕಳೆದಂತೆ ಸಡಿಲಾಗುತ್ತದೆ. ಹಣೆಯ ಒಂದೇ ಕಡೆ ಚುಚ್ಚಿ ನೋಯುತ್ತಿದ್ದರೆ ಆ ಹೆಲ್ಮೆಟ್ಟಿನ ಆಕಾರ ನಿಮ್ಮ ತಲೆಗೆ ಒಗ್ಗುವುದಿಲ್ಲ. ಬೇರೆ ಕಂಪನಿಯದು ನೋಡಿ.

ತಪ್ಪು ಕಲ್ಪನೆ 12: "ನಮ್ಮ ಬಿಸಲಿಗೆ ಹೆಲ್ಮೆಟ್ ಆಗೂದಿಲ್ಲ. ಕೂದಲ ಉದುರತಾವು, ಹಾರ್ನ್ ಕೇಳೂದಿಲ್ಲ."

ವಾಸ್ತವ: ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು ಸುಳ್ಳಲ್ಲ. ಅದಕ್ಕೆ ಬಿಳಿ ಅಥವಾ ತಿಳಿ ಬಣ್ಣದ, ಗಾಳಿಕಿಂಡಿ ಇರುವ, ಒಳಬಟ್ಟೆ ಬಿಚ್ಚಿ ತೊಳೆಯಬಹುದಾದ ಹೆಲ್ಮೆಟ್ ಆರಿಸಿ. ಒಳಗೆ ತೆಳು ಹತ್ತಿಯ ಬಟ್ಟೆ ಸಾಕು. ದಪ್ಪ ಟವೆಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಇಟ್ಟರೆ ಅಳತೆಯ ಕೆಲಸವೆಲ್ಲ ವ್ಯರ್ಥ. ಬಕ್ಕತಲೆಗೆ ಮುಖ್ಯ ಕಾರಣ ವಂಶವಾಹಿ ಮತ್ತು ಹಾರ್ಮೋನು. ತೊಳೆಯದ ಒಳಬಟ್ಟೆಯಿಂದ ಹೊಟ್ಟು, ತುರಿಕೆ ಬರಬಹುದು. ವಾರಕ್ಕೊಮ್ಮೆ ತೊಳೆದರೆ ಮುಗಿಯಿತು. ಹೆಲ್ಮೆಟ್ಟಿನಿಂದ ಸವಾರರ ಶ್ರವಣ, ನೋಟಕ್ಕೆ ಅಡ್ಡಿಯಾದದ್ದು ಹರ್ಟ್ ವರದಿಯಲ್ಲೂ ಕಂಡುಬಂದಿಲ್ಲ. ಹಾರ್ನ್ ಕೇಳದಂತೆ ಮಾಡುವುದು ಹೆಲ್ಮೆಟ್ಟಿನೊಳಗೆ ತುರುಕಿದ ಮೊಬೈಲು.

ತಪ್ಪು ಕಲ್ಪನೆ 13: "ಹಿಂದ ಕುಂತಾರಿಗೆ, ಸಣ್ಣ ಹುಡುಗರಿಗೆ ಬೇಕಾಗಿಲ್ಲ."

ವಾಸ್ತವ: ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ 4 ವರ್ಷ ದಾಟಿದ ಎಲ್ಲರಿಗೂ ಬೇಕು. 9 ತಿಂಗಳಿಂದ 4 ವರ್ಷದ ಮಕ್ಕಳಿದ್ದರೆ ಹೆಲ್ಮೆಟ್ಟಿನ ಜೊತೆ ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ಗಾಡಿ 40 ಕಿ.ಮೀ. ಮೀರಬಾರದು, ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಗಾಡಿ ಗಕ್ಕನೆ ನಿಂತರೆ ಹ್ಯಾಂಡಲ್ಲಿಗೆ ಮೊದಲು ಬಡಿಯುವುದು ಟ್ಯಾಂಕಿನ ಮೇಲೆ ಕೂತ ಮಗುವಿನ ತಲೆ. ದೊಡ್ಡವರ ಹೆಲ್ಮೆಟ್ಟನ್ನು ಮಗುವಿಗೆ ಹಾಕುವುದೂ ಹಾಕದಿರುವುದೂ ಒಂದೇ. ಮಕ್ಕಳ ಅಳತೆಯದನ್ನೇ ಕೊಡಿಸಿ.

ತಪ್ಪು ಕಲ್ಪನೆ 14: "ಒಂದ್ಸಲ ಕೊಂಡ್ರ ಜೀವನಪೂರ್ತಿ ಆತು."

ವಾಸ್ತವ: ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರ ಜಜ್ಜಿಹೋಗಿರುತ್ತದೆ, ಹೊರಗೆ ಗೀರು ಕಾಣದಿದ್ದರೂ. ಅದೇ ಜಾಗಕ್ಕೆ ಎರಡನೆಯ ಪೆಟ್ಟು ಬಿದ್ದರೆ ತಡೆಯುವುದಿಲ್ಲ. ಬೀಳದಿದ್ದರೂ ಬೆವರು, ಬಿಸಿಲಿನಿಂದ ಪದರ ಸವೆಯುತ್ತದೆ. ಬಹುತೇಕ ತಯಾರಕರು ಸುಮಾರು 5 ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಪೆಟ್ರೋಲ್, ಥಿನ್ನರ್ ತಾಗಿದರೆ ಥರ್ಮೋಕೋಲ್ ಕರಗುತ್ತದೆ. ಒಗೆಯುವ ಸೋಪಿನ ನೀರು ಸಾಕು. ಕನ್ನಡಿಯ ಕಡ್ಡಿಗೆ ಹೆಲ್ಮೆಟ್ ಸಿಕ್ಕಿಸಿ ಗಂಟೆಗಟ್ಟಲೆ ಬಿಟ್ಟರೆ ಒಳಗೆ ಗುಳಿ ಬೀಳುತ್ತದೆ. ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಕೊಳ್ಳಬಾರದು.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. 80,000 ರೂಪಾಯಿ ಬೆಲೆಯ ಗಾಡಿಯಲ್ಲಿ ಸುಮಾರು 6,000 ರೂಪಾಯಿ ಉಳಿತಾಯ. ಆ ದುಡ್ಡಿನಲ್ಲಿ ಒಳ್ಳೆಯ ಎರಡು ಹೆಲ್ಮೆಟ್ ಬಂದು, ಎಲ್‌ಎಲ್‌ಆರ್ ಫೀಸಿಗೂ ಉಳಿಯುತ್ತದೆ. ಮೊದಲು ಎಲ್‌ಎಲ್‌ಆರ್ ಮಾಡಿಸಿ, ಅಳತೆಯ ಹೆಲ್ಮೆಟ್ ಕೊಳ್ಳಿ, ಮನೆಯ ಸಣ್ಣ ಗಾಡಿಯಲ್ಲಿ ಬ್ರೇಕ್ ಹಿಡಿಯುವುದನ್ನು ಕಲಿಯಿರಿ. ಯಾವ ಗಾಡಿ ಎಂಬ ಪ್ರಶ್ನೆಗೆ ಆಮೇಲೆ ಉತ್ತರ ನಿಮಗೇ ಹೊಳೆಯುತ್ತದೆ.

ಮಗನಿಗೋ ಮಗಳಿಗೋ ಗಾಡಿ ಕೊಡಿಸಲು ಹೊರಟ ತಂದೆ ತಾಯಂದಿರಿಗೆ ಒಂದೇ ವಿನಂತಿ. ಶೋರೂಮಿನಲ್ಲಿ ಗಾಡಿಗೆ ಹಾರ ಹಾಕಿ, ನಿಂಬೆಹಣ್ಣು ಇಟ್ಟು, ಫೋಟೋ ತೆಗೆಸಿಕೊಳ್ಳಿ. ಸಂಭ್ರಮ ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಕೀಲಿ ಕೊಡುವ ಮುನ್ನ ಎರಡು ವಸ್ತು ಕೇಳಿ: ಕೈಯಲ್ಲಿ ಲೈಸೆನ್ಸು, ತಲೆಯ ಮೇಲೆ ಪಟ್ಟಿ ಬಿಗಿದ ಹೆಲ್ಮೆಟ್ಟು. ಎರಡರಲ್ಲಿ ಒಂದು ಇಲ್ಲದಿದ್ದರೂ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.